ಅತ್ತಿ ಹಸನು ಮಾಡಿದ ಬೀಜ

ಅತ್ತಿಯವರ ಬಾಯಲ್ಲಿ ಉಳಿದಿದ್ದ ಕೊನೆಯ ನಾಲ್ಕು ಹಲ್ಲು ಕೀಳಿಸಿದಾಗ ನಾವು ಬೆಳಗಾವಿಯ ವಡಗಾವಿ ಕಡೆ ಬಾಡಿಗೆ ಮನೆಯಲ್ಲಿದ್ದೆವು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮುಂದೆ ಎರಡು ಖೋಲಿ, ಒಂದು ಅಡುಗೆಮನೆ, ಹಿಂದೆ ಹಿತ್ತಲು. ಹಿತ್ತಲೆಂದರೆ ದೊಡ್ಡದೇನಲ್ಲ, ನಾಲ್ಕು ಸೀರೆ ಉದ್ದಕ್ಕೆ ಒಣಹಾಕಿದರೆ ತುಂಬಿಹೋಗುವಷ್ಟು. ಆದರೆ ನಾನು ಖಾನಾಪುರ ತಾಲೂಕಿನ ಬೀಡಿಯಲ್ಲಿ ಹುಟ್ಟಿದವಳು, ಅತ್ತಿ ಅದೇ ತಾಲೂಕಿನ ಪಾರಿಶ್ವಾಡದವರು. ಇಬ್ಬರಿಗೂ ಕೈಗೆ ಒಂದಿಷ್ಟು ಮಣ್ಣು ಹತ್ತದಿದ್ದರೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಮನೆ ನೋಡಲು ಹೋದ ದಿನ ನಮ್ಮ ಮನೆಯವರು ಕಿಟಕಿ ಬಾಗಿಲು ನೋಡುತ್ತಿದ್ದರೆ, ನಾವು ಅತ್ತಿ-ಸೊಸೆ ನೆಟ್ಟಗೆ ಹಿತ್ತಲಿಗೆ ಹೋಗಿ ಮಣ್ಣು ತಿಕ್ಕಿ ನೋಡಿದ್ದೆವು. ಶಿವ ಕೊಟ್ಟ ಸಣ್ಣ ಸಣ್ಣ ಉಪಕಾರಗಳನ್ನು ಬೆಳಗಿನ ಪೂಜೆಯಲ್ಲಿ ಒಂದೊಂದಾಗಿ ನೆನೆಯುವುದು ನನ್ನ ರೂಢಿ. ಆ ಹಿತ್ತಲು ಬಹಳ ದಿನ ಅದರಲ್ಲಿ ಮೊದಲನೆಯದಾಗಿತ್ತು.

ಹಲ್ಲಿನ ಡಾಕ್ಟರು ಹೇಳಿದರೆಂದು ನಮ್ಮ ಮನೆಯವರು ತಾಯಿಗೆ ಕಟ್ಟುಹಲ್ಲು ಮಾಡಿಸಿ ತಂದರು. ಅತ್ತಿ ಎರಡು ದಿನ ಹಾಕಿಕೊಂಡರು. ಮೂರನೆಯ ದಿನ ಅದನ್ನು ತೊಳೆದು ಒಂದು ಖಾಲಿ ಡಬ್ಬಿಯಲ್ಲಿಟ್ಟು, "ಪರರ ಮನಿ ಪಾತ್ರಿ ಬಾಯಾಗ ಇಟ್ಕೊಂಡಂಗ ಆಗತೈತಿ. ನಾ ಒಲ್ಲೆ" ಎಂದರು. ಅತ್ತಿ ಒಲ್ಲೆ ಎಂದರೆ ಮುಗಿಯಿತು, ಎರಡನೆಯ ಸಲ ಕೇಳುವ ಪದ್ಧತಿ ನಮ್ಮ ಮನೆಯಲ್ಲಿರಲಿಲ್ಲ. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿಕೊಂಡು, ಅನ್ನ ಮಿದ್ದುಕೊಂಡು ಉಣ್ಣತೊಡಗಿದರು.

ಆಗಲೇ ಆ ಮಾತು ಬಂತು. ಮಧ್ಯಾಹ್ನ ಎಲ್ಲರೂ ಸಾಲಾಗಿ ಊಟಕ್ಕೆ ಕುಳಿತಿದ್ದರು, ನಾನು ಬಡಿಸುತ್ತಿದ್ದೆ. ಐದು ವರ್ಷದ ನನ್ನ ಮಗಳು ತನ್ನ ಅಜ್ಜಿಯ ಮುಖವನ್ನೇ ನೋಡುತ್ತ ಕೂತಿದ್ದವಳು, "ಆಯಿ, ನೀ ಉಣ್ಣುವಾಗ ನಿನ್ನ ಮೂಗು ಗದ್ದಕ್ಕ ಮುತ್ತು ಕೊಡತೈತಿ" ಎಂದಳು. ನಮ್ಮ ಮನೆಯವರು ನಕ್ಕರು. ನಾನೂ ನಕ್ಕೆ, ಕೈಯಲ್ಲಿದ್ದ ಸಾರಿನ ಸೌಟು ಅಲುಗಾಡುವಷ್ಟು ನಕ್ಕೆ. ಅತ್ತಿ ಸಹ ನಕ್ಕರು, ಸೆರಗಿನಿಂದ ಬಾಯಿ ಒರೆಸಿಕೊಂಡರು. ಮರುದಿನ ತಾಟು ಹಾಕುವಾಗ, "ನೀವು ಉಂಡು ಏಳ್ರಿ, ನಂದಿನ್ನಾ ಜಪ ಐತಿ" ಎಂದರು. ಅದರ ಮರುದಿನವೂ ಜಪ. ಅದರ ಮರುದಿನವೂ.

ಎಲ್ಲರದೂ ಮುಗಿದ ಮೇಲೆ ಅವರು ಅಡುಗೆಮನೆಯ ಮೂಲೆಯಲ್ಲಿ, ಜೋಳದ ಡಬ್ಬದ ಹಿಂದೆ, ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದರು. ಬಡಿಸಿ ಮುಗಿಸಿ ನಾನು ಉಣ್ಣುವ ಜಾಗವೂ ಅದೇ. ಅವರ ಬೆನ್ನು ನನ್ನ ಕಡೆಗಿರುತ್ತಿತ್ತು. "ಪ್ರಸಾದ ಅಂದ ಮ್ಯಾಲ ಕೂಡಿ ಉಣ್ಣಬೇಕು, ಪಂಕ್ತಿ ಮುರೀಬಾರದು" ಎಂದು ನನಗೆ ಕಲಿಸಿದವರೇ ಅವರು. ಮದುವೆಯಾಗಿ ಬಂದ ಹೊಸದರಲ್ಲಿ ಮನೆಯಲ್ಲಿ ಯಾರದೇ ಜಗಳವಿರಲಿ, ಸಿಟ್ಟಿರಲಿ, ಪಂಕ್ತಿಗೆ ಬಂದು ಕೂಡಲೇಬೇಕು ಎಂದು ಸಿಟ್ಟಾದವರನ್ನು ಕೈಹಿಡಿದು ಕೂರಿಸುತ್ತಿದ್ದರು. ಅಂಥವರು ಈಗ ಗೋಡೆ ನೋಡುತ್ತ ಉಣ್ಣುತ್ತಿದ್ದರು. ಮಗು ತಿಳಿಯದೆ ಅಂದದ್ದು. ನಾನು ತಿಳಿದೂ ನಕ್ಕಿದ್ದೆ.

ಮಳೆಗಾಲ ಬಂದಾಗ ಇದು ಇನ್ನೂ ಬಿರುಸಾಯಿತು. ಗೋವಿನಜೋಳಕ್ಕೆ ನಮ್ಮ ಕಡೆ ಬಾಯಲ್ಲಿ ಗೊಂಜಾಳ ಅನ್ನುತ್ತೇವೆ. ಬೆಳಗಾವಿಯ ಮಳೆ ಹಿಡಿಯಿತೆಂದರೆ ದಿನಗಟ್ಟಲೆ ಬಿಡುವುದಿಲ್ಲ. ಅಂಥ ಸಂಜೆ ಪಡಸಾಲೆಯಲ್ಲಿ ಶೇಗಡಿಗೆ ಇದ್ದಲಿ ತುಂಬಿ, ಗೊಂಜಾಳದ ತೆನೆ ಸುಟ್ಟು, ಉಪ್ಪು-ಖಾರ ಸವರಿ ತಿನ್ನುವುದು ನಮ್ಮಲ್ಲಿ ಊಟಕ್ಕಿಂತ ದೊಡ್ಡದು. ಸುಡುವ ಕೆಲಸ ಅತ್ತಿಯದು. ತೆನೆಯನ್ನು ಬೆಂಕಿಯ ಮೇಲೆ ಹೊರಳಿಸುತ್ತ, ಚಟಚಟ ಸಪ್ಪಳ ಕೇಳಿಯೇ ಯಾವುದು ಆಯಿತು ಯಾವುದು ಇಲ್ಲ ಎಂದು ಹೇಳುತ್ತಿದ್ದರು. ಆ ವರ್ಷವೂ ಸುಟ್ಟುಕೊಟ್ಟರು. ಎಲ್ಲರಿಗೂ ಒಂದೊಂದು ಕೊಟ್ಟು, ಕೈಯ ಬೂದಿ ಝಾಡಿಸಿ, ಎದ್ದು ಒಳಗೆ ಹೋದರು. ನಾನು ಕಾಳು ಬಿಡಿಸಿ, ಕುದಿಸಿ, ಒರಳಿನಲ್ಲಿ ಜಜ್ಜಿ ಬಟ್ಟಲಲ್ಲಿ ಒಯ್ದರೆ, "ಕೂಸಿನ ಊಟ ನನಗ್ಯಾಕ ತಂದಿ? ಕೂಸಿಗೆ ಕೊಡು" ಎಂದರು.

ಅಂದಿನಿಂದ ಪೂಜೆಯಲ್ಲಿ ನಾನು ಬೇರೇನೂ ಬೇಡಲಿಲ್ಲ. ಅತ್ತಿ ಪಂಕ್ತಿಗೆ ತಿರುಗಿ ಬರಲಿ, ಅಷ್ಟೇ.

ಮರುವರ್ಷ ರೋಹಿಣಿ ಮಳೆ ಮುಗಿಯುವ ಹೊತ್ತಿಗೆ ಎದುರುಮನೆಯ ಅಕ್ಕ ಒಂದು ಬೆಳಿಗ್ಗೆ ಕೈಯಲ್ಲಿ ಒದ್ದೆ ಬಟ್ಟೆಯ ಗಂಟು ಹಿಡಿದು ಬಂದಳು. ಅವಳ ಗಂಡನದು ಬೀಜ-ಗೊಬ್ಬರದ ನೌಕರಿ, ಊರೂರು ವರ್ಗ. ಗಂಟು ಬಿಚ್ಚಿದರೆ ಅದರಲ್ಲಿ ನೆನೆದು ಉಬ್ಬಿ, ಮೊಳಕೆ ಇಣುಕುತ್ತಿದ್ದ ಗೊಂಜಾಳದ ಕಾಳು.

"ಇದು ಸಿಹಿ ಗೊಂಜಾಳ" ಎಂದಳು. "ಸ್ವೀಟ್ ಕಾರ್ನ್ ಅಂತಾರ. ನನಗ ಬಿತ್ತಾಕ ಅಂತ ನೆನೀ ಹಾಕಿದ್ದೆ. ಇವರಿಗೆ ನೋಡ್ರಿ, ನಿನ್ನೆ ವರ್ಗದ ಕಾಗದ ಬಂತು. ಇವತ್ತ ನೆಟ್ಟುಬಿಡ್ರಿ, ನಾಳಿಗಿಟ್ರ ಕೆಡತಾವ. ಕಾಳು ಬೆಣ್ಣಿ ಇದ್ದಂಗ ಇರತಾವ. ಹಲ್ಲು ಬರದ ಕೂಸೂ ತಿಂತಾವ."

ಹಲ್ಲು ಬರದ ಕೂಸು ಎಂದ ಮಾತು ನನ್ನ ಕಿವಿಯಲ್ಲಿ ನಿಂತುಬಿಟ್ಟಿತು. ನಾನು ಅತ್ತಿಯ ಕಡೆ ನೋಡಲಿಲ್ಲ. ಅವರೂ ನನ್ನ ಕಡೆ ನೋಡಲಿಲ್ಲ. ಸುಮ್ಮನೆ ಎದ್ದು ಕುರ್ಪಿ ತಂದರು.

ಹಿತ್ತಲಿನ ನಡುವೆ ಮೂರು ಸಾಲು ಸಿಹಿ ಗೊಂಜಾಳ ನೆಟ್ಟೆವು. ಬೇಲಿಯ ಗುಂಟ ಎಂದಿನಂತೆ ಅತ್ತಿ ತಮ್ಮ ಪಾರಿಶ್ವಾಡದ ಗೊಂಜಾಳ ಹಾಕಿದರು. ಅದು ಅವರ ಅತ್ತಿ ಅವರಿಗೆ ಕೊಟ್ಟ ಬೀಜ, ಒಂದು ವರ್ಷವೂ ತಪ್ಪದೆ ಬಿತ್ತಿ ಉಳಿಸಿಕೊಂಡು ಬಂದದ್ದು. ಅದರ ಮೇಲೆ ಅವರಿಗೆ ಎಷ್ಟು ಅಭಿಮಾನವೆಂದರೆ, ಹಿತ್ತಲ ಬೇಲಿಯಾಚೆಯ ಮನೆಯ ಮರಾಠಿ ವೈನಿಗೂ ಒಂದು ಹಿಡಿ ಕೊಟ್ಟು, ಆಕೆಯ ಕೈಯಿಂದಲೂ ಬಿತ್ತಿಸುತ್ತಿದ್ದರು.

ಶ್ರಾವಣ ಮುಗಿಯುತ್ತ ಬಂದಾಗ ತೆನೆಯ ಮೀಸೆ ಕಂದಿ ಒಣಗಿದವು. ಎದುರುಮನೆಯ ಅಕ್ಕ ಅಷ್ಟರಲ್ಲಿ ಸಾಮಾನು ಕಟ್ಟಿ ಹೋಗಿಯಾಗಿತ್ತು. ಮೊದಲ ತೆನೆ ಮುರಿದೆ. ಅದನ್ನು ಲಿಂಗಕ್ಕೆ ಅರ್ಪಿಸಿ ಆಮೇಲೆ ಮನೆಮಂದಿ ಮುಟ್ಟಬೇಕು. ಆದರೆ ಮಗಳು ಕಾಲಿಗೆ ಜೋತುಬಿದ್ದು ರಚ್ಚೆ ಹಿಡಿದಳು. ತೆಗೆದುಕೋ ಎಂದು ಅವಳ ಕೈಗೆ ಕೊಟ್ಟುಬಿಟ್ಟೆ. ಆ ಗಳಿಗೆಯಲ್ಲಿ ಅದು ತಪ್ಪೆನಿಸಲಿಲ್ಲ.

ಸಂಜೆ ಶೇಗಡಿ ಹೊತ್ತಿಸಿದೆವು. ಅತ್ತಿ ಎಲ್ಲರಿಗೂ ಸುಟ್ಟುಕೊಟ್ಟು, ಕೊನೆಯ ತೆನೆಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಅತ್ತಿತ್ತ ತಿರುಗಿಸಿದರು. ಆಮೇಲೆ ಬಾಗಿ, ಮುಂದಿನ ವಸಡಿನಿಂದ ಒಂದು ಸಾಲು ಒತ್ತಿದರು. ಹಾಲು ಚಿಮ್ಮಿ ಗದ್ದದ ಮೇಲಿಳಿಯಿತು. ಅಲ್ಲಲ್ಲಿ ಒಂದೊಂದು ಗಟ್ಟಿ ಕಾಳು ಸಿಕ್ಕರೆ ನಾಲಗೆಯಿಂದ ಹೊರಗೆ ತಳ್ಳಿದರು, ಉಳಿದದ್ದನ್ನು ತಿಂದರು. ಬರಿ ದಿಂಡು ಉಳಿದಾಗ ನಮ್ಮ ಮನೆಯವರು, "ಅವ್ವಾ, ದಿಂಡರ ಬಿಡ್ತಿಯೋ ಇಲ್ಲೋ" ಎಂದರು.

"ದಿಂಡು ನಿನಗ ಇಟ್ಟೇನಿ. ಹಲ್ಲದಾವಲ್ಲ, ತಿನ್ನು" ಎಂದರು ಅತ್ತಿ.

ಮರುದಿನ ಮಧ್ಯಾಹ್ನ ತಾಟು ಹಾಕುವಾಗ ಜಪದ ಮಾತು ಬರಲಿಲ್ಲ. ಬಂದು ಮಗನ ಬಾಜು ಕುಳಿತರು. ಅದರ ಮರುದಿನ ಬೆಳಗಿನ ಪೂಜೆಯಲ್ಲಿ ನೆನೆಯುವುದಕ್ಕೆ ಬಹಳ ಇದ್ದವು, ಅದೊಂದನ್ನೇ ನೆನೆದು ಎದ್ದೆ.

ಮುಂದಿನ ವರ್ಷಕ್ಕೆಂದು ನಾಲ್ಕು ಒಳ್ಳೆಯ ತೆನೆಗಳನ್ನು ಗಿಡದಲ್ಲೇ ಬಿಟ್ಟಿದ್ದೆವು. ಒಣಗಿದ ಮೇಲೆ ಸಿಪ್ಪೆ ಸುಲಿದು ನೋಡಿದೆ. ಕಾಳೆಲ್ಲ ಬತ್ತಿ, ಸುಕ್ಕು ಬಿದ್ದು, ಗಾಜಿನ ಚೂರಿನ ಹಾಗೆ ತೆಳ್ಳಗಾಗಿದ್ದವು. ನಡುನಡುವೆ ಮಾತ್ರ ಒಂದೊಂದು ದುಂಡಗೆ, ಹಳದಿ, ಮೈತುಂಬಿಕೊಂಡು ಕೂತಿದ್ದವು.

"ಮಳಿ ಜಾಸ್ತಿ ಆಗಿ ಜೊಳ್ಳು ಬಿದ್ದಾವ" ಎಂದರು ಅತ್ತಿ. "ಇರವಲ್ದ್ಯಾಕ, ಗಟ್ಟಿ ಕಾಳು ಅಷ್ಟಿಷ್ಟು ಅದಾವ. ಕೇರೂ ಮರ ತಾ."

ಬೀಜ ಹಸನು ಮಾಡುವುದರಲ್ಲಿ ಅತ್ತಿಯ ಕೈ ಇಡೀ ಓಣಿಗೆ ಗೊತ್ತಿತ್ತು. ಪಾರಿಶ್ವಾಡದಲ್ಲಿ ಇದ್ದಾಗ ಬಿತ್ತಿಗೆಗೆ ಮುಂಚೆ ಹೆಂಗಸರು ತಮ್ಮ ತಮ್ಮ ತೆನೆ ತೆಗೆದುಕೊಂಡು ಇವರ ಕಟ್ಟೆಗೆ ಬರುತ್ತಿದ್ದರಂತೆ. ತೆನೆಯ ತುದಿಯ ಕಾಳು ಬೇಡ, ಬುಡದ್ದು ಬೇಡ, ನಡುವಿನದಷ್ಟೇ. ಅದರಲ್ಲೂ ಅಂಗೈಯಲ್ಲಿ ಹಾಕಿ ಅಲುಗಿಸಿದರೆ ತೂಕಕ್ಕೆ ಬರುವ ಕಾಳು ಬೀಜಕ್ಕೆ, ಸುಕ್ಕು ಬಿದ್ದದ್ದು ಕೋಳಿಗೆ. ನನ್ನ ತವರಿನಲ್ಲೂ ಇದೇ ನಡೆ. ಹಾಗಾಗಿ ನಾನೂ ಮೊರ ಹಿಡಿದು ಅವರ ಬಾಜು ಕುಳಿತೆ. ಒಂದೊಂದು ಗಟ್ಟಿ ಕಾಳು ಆರಿಸಿ, ಬೂದಿ ಹಚ್ಚಿ, ಬೇವಿನ ಎಲೆ ಹಾಕಿ ಗಡಿಗೆಯಲ್ಲಿಟ್ಟು ಬಾಯಿ ಕಟ್ಟಿದೆವು. ಶಹರದಲ್ಲಿ ಕೋಳಿ ಎಲ್ಲಿ ಬರಬೇಕು, ಸುಕ್ಕು ಕಾಳನ್ನೆಲ್ಲ ಗುಬ್ಬಿಗೆ ಚೆಲ್ಲಿದೆವು. ಎದುರುಮನೆಯ ಅಕ್ಕ ಕೊಟ್ಟಾಗ ಆ ಕಾಳು ನೀರು ಕುಡಿದು ಉಬ್ಬಿದ್ದವು. ಒಣಗಿದಾಗ ಅವು ಹೇಗಿರುತ್ತವೆ ಎಂದು ನಾವಿಬ್ಬರೂ ನೋಡಿಯೇ ಇರಲಿಲ್ಲ.

ಎರಡನೆಯ ವರ್ಷದ ಬೆಳೆ ನೋಡುವ ಹಾಗಿತ್ತು. ಹಾಕಿದ ಒಂದು ಕಾಳೂ ತಪ್ಪಲಿಲ್ಲ. ನನ್ನ ತಲೆಗಿಂತ ಎತ್ತರ ಗಿಡ, ತೊಡೆಯಷ್ಟು ದಪ್ಪ ತೆನೆ ಎಂದು ಅತ್ತಿ ಹೇಳಿಕೊಂಡು ತಿರುಗಿದರು. ಅಷ್ಟಕ್ಕೇ ನಿಲ್ಲದೆ, ಪಾರಿಶ್ವಾಡದ ತಮ್ಮ ತಂಗಿಗೆ ಬರಲು ಹೇಳಿಕಳಿಸಿದರು. ಈ ಚಿಕ್ಕತ್ತಿ ಅತ್ತಿಗಿಂತ ಎರಡೇ ವರ್ಷ ಸಣ್ಣವರು, ಬಾಯಲ್ಲಿ ಒಂದು ಹಲ್ಲೂ ಅಲುಗಿರಲಿಲ್ಲ, ಅಡಿಕೆಯನ್ನು ಹಲ್ಲಿನಿಂದಲೇ ಒಡೆಯುವವರು. ಕೆಂಪು ಬಸ್ಸಿನಲ್ಲಿ ನೆನೆಯುತ್ತ ಬಂದು ಇಳಿದರು. ಅತ್ತಿ ಅವರಿಗೆ ಕಾಲಿಗೆ ನೀರು ಕೊಡುವಾಗಲೇ, "ನಮ್ಮ ಹಿತ್ತಲದ ಗೊಂಜಾಳಕ್ಕ ಹಲ್ಲು ಬೇಕಾಗಿಲ್ಲ. ವಸಡಿಲೇ ತಿಂತೇನಿ, ನೋಡೀಯಂತ" ಎಂದರು.

ಆ ಸಂಜೆ ಎಲ್ಲರೂ ಶೇಗಡಿಯ ಸುತ್ತ ಕುಳಿತರು. ಅತ್ತಿ ಮೊದಲ ತೆನೆಯನ್ನು ತಾವೇ ತೆಗೆದುಕೊಂಡು, ತಂಗಿಗೆ ಕಾಣುವ ಹಾಗೆ ಬಾಯಿಗೆ ಹಚ್ಚಿ ಒತ್ತಿದರು. ಕಾಳು ಜಗ್ಗಲಿಲ್ಲ. ಇನ್ನೊಂದು ಕಡೆ ಒತ್ತಿದರು. ಮೂರನೆಯ ಸಲ ಜೋರಾಗಿ ಒತ್ತಿದಾಗ ತೆನೆ ವಸಡಿನಿಂದ ಜಾರಿ, ಕೈಯಿಂದ ಹಾರಿ, ಚಿಕ್ಕತ್ತಿಯ ಮಡಿಲಲ್ಲಿ ಬಿತ್ತು.

ಚಿಕ್ಕತ್ತಿ ಅದನ್ನೆತ್ತಿ ಒಂದು ಸಾಲು ಕಚ್ಚಿ, ಕಚಕಚ ಅಗಿದರು. "ಅಕ್ಕಾ, ಇದೇನು ಹಲ್ಲಿಲ್ಲದವರ ಗೊಂಜಾಳ? ಹಲ್ಲಿದ್ದ ನನಗ ಎರಡು ಕೈ ಹಾಕಿ ಹರೀಬೇಕಾಗೇತಿ. ನಮ್ಮೂರ ಗೊಂಜಾಳಾನ ಬೆಳೆದು, ಶಹರದ ಹೆಸರು ಇಟ್ಟೀಯೇನ?"

"ಎಲ್ಲಾ ಬಲತು ಹೋಗ್ಯಾವ, ನಾಕು ದಿನ ಮೊದಲ ಮುರೀಬೇಕಿತ್ತು" ಎಂದರು ನಮ್ಮ ಮನೆಯವರು, ಮಾತು ತಿರುಗಿಸಲು. ಅತ್ತಿ, "ಹೌದು, ಬಲತಾವ" ಎಂದಷ್ಟೇ ಹೇಳಿ, ಉಳಿದ ತೆನೆಗಳನ್ನು ಸುಟ್ಟುಕೊಟ್ಟರು. ಎಳೆಯವನ್ನು ಮುರಿದು ನೋಡಿದರೂ ಆ ಸಿಹಿ ಇರಲಿಲ್ಲ, ಬಾಯಲ್ಲಿ ಹಿಟ್ಟು ಹಿಟ್ಟು. ಚಿಕ್ಕತ್ತಿ ಊರಿಗೆ ಹೋದ ದಿನ ಮಧ್ಯಾಹ್ನ ಅತ್ತಿಯವರಿಗೆ ಮತ್ತೆ ಜಪ ಉಳಿಯಿತು. ತಾಟು ತೆಗೆದುಕೊಂಡು ಹೋಗಿ ಡಬ್ಬದ ಹಿಂದೆ ಕುಳಿತರು.

ನಾನು ಬೀಜದ ಮೇಲೆ ಸಂಶಯಪಡಲಿಲ್ಲ. ಅತ್ತಿ ಆರಿಸಿದ ಬೀಜ ತಪ್ಪಾಗುವುದುಂಟೇ? ತಪ್ಪು ನನ್ನದೇ. ಹಿಂದಿನ ವರ್ಷ ಮೊದಲ ತೆನೆಯನ್ನು ದೇವರಿಗೆ ತೋರಿಸದೆ ಮಗುವಿನ ಕೈಗೆ ಕೊಟ್ಟಿದ್ದೆನಲ್ಲ, ಶಿವ ಕೊಟ್ಟ ಸಿಹಿಯನ್ನು ತಿರುಗಿ ತೆಗೆದುಕೊಂಡ ಎಂದುಕೊಂಡೆ. ಯಾರಿಗೂ ಹೇಳದೆ ಸೋಮವಾರ ಒಂದು ಹೊತ್ತು ಉಪವಾಸ ಹಿಡಿದೆ. ಎರಡು ಸೋಮವಾರ ಸುಮ್ಮನಿದ್ದ ಅತ್ತಿ ಮೂರನೆಯದಕ್ಕೆ, "ಯಾಕ ತಾಟು ಹಾಕ್ಕೊಳ್ಳಿಲ್ಲ?" ಎಂದು ಗೋಡೆಯ ಕಡೆ ಮುಖವಿಟ್ಟೇ ಕೇಳಿದರು. ಹೇಳಿದೆ.

ದಸರೆ ಕಳೆದು ಬಿಸಿಲು ಬಿದ್ದಿತ್ತು. ಒಂದು ದಿನ ನಾನು ಬಟ್ಟೆ ಒಗೆಯುತ್ತಿದ್ದಾಗ ಅತ್ತಿ ಹಿತ್ತಲ ಕಟ್ಟೆಯ ಮೇಲೆ ಒಣಗಿದ ತೆನೆಗಳನ್ನು ಹರವಿಕೊಂಡು ಕುಳಿತಿದ್ದರು. ಕಾಳು ಬಿಡಿಸುವ ಸಪ್ಪಳ ನಿಂತು ಬಹಳ ಹೊತ್ತಾಗಿತ್ತು. ತಿರುಗಿ ನೋಡಿದರೆ ಒಂದು ತೆನೆಯನ್ನು ಕಣ್ಣಿನ ಹತ್ತಿರ ಹಿಡಿದಿದ್ದರು.

"ತಂಗಿ, ಬಾ ಇಲ್ಲಿ" ಎಂದು ನನ್ನನ್ನು ಕರೆದರು. "ಏನ್ ಕಾಣತೈತಿ ಹೇಳು."

"ಗಟ್ಟಿ ಕಾಳು. ನಡುನಡುವ ಒಂದೊಂದು ಸುಕ್ಕು ಬಿದ್ದದ್ದು."

"ಹೋದ ವರ್ಷ ಹೆಂಗಿತ್ತು?"

"ಎಲ್ಲಾ ಸುಕ್ಕು. ನಡುನಡುವ ಒಂದೊಂದು ಗಟ್ಟಿ."

"ಮತ್ತ ಹೋದ ವರ್ಷ ತೆನಿ ಸಿಹಿ ಇತ್ತು. ಈ ವರ್ಷ ಇಲ್ಲ" ಎಂದರು ಅತ್ತಿ. ನನಗೆ ಆಗಲೂ ಹೊಳೆಯಲಿಲ್ಲ. ಅವರು ಒಂದು ಸುಕ್ಕು ಕಾಳನ್ನು ಬಲದವಡೆಗೆ, ಒಂದು ಗಟ್ಟಿ ಕಾಳನ್ನು ಎಡದವಡೆಗೆ ಇಟ್ಟುಕೊಂಡು ಬಾಯಿ ಮುಚ್ಚಿದರು. ಸಂಜೆಯ ತನಕ ಮಾತಿಲ್ಲ. ನಮ್ಮ ಮನೆಯವರು ಆಫೀಸಿನಿಂದ ಬಂದು, "ಅವ್ವ ಯಾಕ ಮಾತಾಡವಲ್ಲಳು?" ಎಂದು ಕೇಳಿದರೆ ಕೈಸನ್ನೆ ಮಾಡಿ ತಡೆದರು. ದೀಪ ಹಚ್ಚುವ ಹೊತ್ತಿಗೆ ಎರಡನ್ನೂ ಅಂಗೈಗೆ ಉಗುಳಿಕೊಂಡು ನೋಡಿದರು.

"ಹಲ್ಲಿದ್ದವರು ಆಗಿದ್ರ ಕಡದು ನುಂಗಿಬಿಡತಿದ್ರು, ಗೊತ್ತಾಗತಿರಲಿಲ್ಲ" ಎಂದರು. "ಸುಕ್ಕಂದು ನೆನೆದು ಬೆಲ್ಲ ಆತು. ಗಟ್ಟಿಯಂದು ಹಂಗ ಐತಿ, ಸಪ್ಪಗ. ಸಿಹಿ ಬೀಜ ಒಣಗಿದ್ರ ಸುಕ್ಕಾ ಬೀಳತೈತಿ. ಅದರ ರೂಪಾನ ಅದು. ಗಟ್ಟಿ ಇದ್ದದ್ದು ನಮ್ಮ ಪಾರಿಶ್ವಾಡದ್ದು ಕೂಡಿದ್ದು. ಊರಾಗ ಬಿಳೇ ಗೊಂಜಾಳದ ಬಾಜುಕ ಕೆಂಪಂದು ಹಾಕಿದ್ರ, ತುರಾಯಿ ಧೂಳು ಹಾರಿ, ಬಿಳೇ ತೆನಿಯಾಗ ಕೆಂಪು ಕಾಳು ಬೀಳೂದು ನಾ ಎಷ್ಟ್ ಸಲ ನೋಡೇನಿ. ನೋಡೀನೂ ತಿಳೀಲಿಲ್ಲ. ಕೂಡಿದ್ದನ್ನ ಆರಿಸಿ ಆರಿಸಿ ಇಟ್ಟೆ. ಖರೇ ಬೀಜ ಗುಬ್ಬಿಗೆ ಹಾಕಿದೆ."

ನಾನು ಅವರ ಅಂಗೈಯ ಎರಡು ಕಾಳನ್ನೂ ಮುಟ್ಟಿ ನೋಡಿದೆ.

"ನೀ ಉಪವಾಸ ಬಿಡು" ಎಂದರು. "ದೇವರ ಮ್ಯಾಲೂ ಹಾಕಬ್ಯಾಡ, ನಿನ್ನ ಮ್ಯಾಲೂ ಹಾಕ್ಕೋಬ್ಯಾಡ. ಇದು ನನ್ನ ಕೈ ಮಾಡಿದ್ದು."

"ನಾನೂ ನಿಮ್ಮ ಬಾಜುಕ ಕುಂತು ಆರಿಸೇನಲ್ಲರೀ ಅತ್ತಿ."

"ಹಂಗಾರ ನಿಂದು ಅರ್ಧಾ ತಪ್ಪು. ಅರ್ಧಾ ಉಪವಾಸ ಮಾಡು."

ನಕ್ಕೆವು. ಅವರು ಸೆರಗು ಅಡ್ಡ ಹಿಡಿದು ನಕ್ಕರು. ಆ ವಾರ ಇಬ್ಬರೂ ಕೂತು ಪ್ರತಿ ತೆನೆಯನ್ನೂ ಬಿಡಿಸಿ, ಸುಕ್ಕು ಕಾಳನ್ನಷ್ಟೇ ಆರಿಸಿದೆವು. ಐವತ್ತು ವರ್ಷ ಚೆಲ್ಲಿದ್ದನ್ನು ಇಟ್ಟುಕೊಳ್ಳುವುದು, ಇಟ್ಟುಕೊಂಡದ್ದನ್ನು ಚೆಲ್ಲುವುದು ಅತ್ತಿಯ ಬೆರಳಿಗೆ ಸುಲಭವಾಗಿರಲಿಲ್ಲ. ಎಷ್ಟೋ ಸಲ ಗಟ್ಟಿ ಕಾಳೊಂದು ಬೀಜದ ಬಟ್ಟಲಿಗೆ ಬೀಳುತ್ತಿತ್ತು, "ಥೂ ಇದರ" ಎಂದು ತೆಗೆಯುತ್ತಿದ್ದರು. ಕೊನೆಗೆ ಸಿಕ್ಕದ್ದು ಒಂದು ಹಿಡಿ. ಅದರಲ್ಲಿ ನಾಲ್ಕನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ಮರುದಿನ ಬಿಚ್ಚಿದೆ. ಸುಕ್ಕೆಲ್ಲ ಹೋಗಿ ಉಬ್ಬಿದ್ದವು, ಎದುರುಮನೆಯ ಅಕ್ಕ ಕೊಟ್ಟಾಗ ಇದ್ದ ಹಾಗೆಯೇ.

ಮೂರನೆಯ ವರ್ಷ ಬಿತ್ತುವ ಹೊತ್ತು ಬಂದಾಗ ಎರಡು ಕೆಲಸ ಉಳಿದಿದ್ದವು, ಎರಡೂ ಅತ್ತಿಯ ಪಾಲಿನವು. ಮೊದಲನೆಯದು, ನಮ್ಮ ಹಿತ್ತಲಲ್ಲಿ ಪಾರಿಶ್ವಾಡದ ಗೊಂಜಾಳ ಹಾಕದಿರುವುದು. ತಮ್ಮ ಅತ್ತಿಯಿಂದ ಬಂದ ಬೀಜ, ತಮ್ಮ ಕೈಯಲ್ಲಿ ಒಂದು ವರ್ಷವೂ ತಪ್ಪಿಲ್ಲ. ಅದನ್ನು ಗಡಿಗೆ ಸಮೇತ ಬಸ್ಸಿನಲ್ಲಿ ಒಯ್ದು, ಹಲ್ಲಿರುವ ತಂಗಿಯ ಕೈಗೇ ಕೊಟ್ಟು, "ನನ್ನ ಹೆಸರಿಲೇ ವರ್ಷಾ ಒಂದು ಸಾಲು ಹಾಕು" ಎಂದು ಹೇಳಿ ಬಂದರು. ತಂಗಿ ಏನೆಂದರು ಎಂದು ನಾನು ಕೇಳಿದೆ. "ಏನ್ ಅಂತಾಳ? ನಾಕು ಮಾತು ಅಂದಳು, ಇಸ್ಕೊಂಡಳು" ಎಂದರು.

ಎರಡನೆಯದು ಬೇಲಿಯಾಚೆಯ ವೈನಿ. ಆಕೆಯೂ ಅದೇ ಬೀಜ ಬಿತ್ತುವವಳು. ನಾನು ಹೋಗಿ ಹೇಳುತ್ತೇನೆಂದರೆ ಅತ್ತಿ ಬಿಡಲಿಲ್ಲ. ತಾವೇ ಬೇಲಿಯ ಹತ್ತಿರ ಹೋಗಿ ಕರೆದರು. ಗೊಂಜಾಳಕ್ಕೆ ಆಕೆಯ ಮಾತಿನಲ್ಲಿ ಮಕ್ಕಾ.

"ವೈನಿ, ಈ ವರ್ಷ ಮಕ್ಕಾ ಹಾಕಬ್ಯಾಡ್ರಿ."

"ಅಗಬಾಯಿ, ಯಾಕ್ರೀ ಆಜಿ?" ಎಂದಳು ಆಕೆ. "ನೀವ ಬೀಜ ಕೊಟ್ರಿ, ಹಾಕ ಹಾಕ ಅಂತ ಬೆನ್ನ ಹತ್ತಿದ್ರಿ. ಈಗ ನೀವ ನಕೋ ಅಂತೀರಿ."

"ನನ್ನ ಬೀಜ ಜೋರ ಐತಿ. ಬೇಲಿ ಹಾರಿ ಬಂದು ನನ್ನ ಸೊಸಿ ಬೀಜಾನ ಕೆಡಸತೈತಿ."

ವೈನಿ ಹೊಟ್ಟೆ ಹಿಡಿದು ನಕ್ಕಳು. "ಸಾಸೂಬಾಯಿ ಬೀಜ, ಅತ್ತಿ ಬೀಜ ಅಲ್ಲೇನ್ರೀ, ಹಂಗ ಇರೂದ. ನಮ್ಮ ಮನ್ಯಾಗೂ ಒಬ್ಬರು ಅದಾರ, ಬೇಲಿ ಹಾರೂದಿಲ್ಲ, ಅಷ್ಟ ಫರಕ್."

ಅತ್ತಿ ಇಂಥ ಮಾತಿಗೆ ಹಿಂದೆಲ್ಲ ತಿರುಗಿ ನಾಲ್ಕು ಮಾತು ಕೊಡುತ್ತಿದ್ದರು. ಅಂದು ಸುಮ್ಮನೆ ಸೆರಗಿನ ಗಂಟಿನಿಂದ ಸವತಿಕಾಯಿಯ ಬೀಜ ತೆಗೆದು ಆಕೆಯ ಕೈಗಿಟ್ಟು, "ಮಕ್ಕಾ ಬದಲಿ ಇದನ್ನ ಹಾಕ್ರಿ. ನಮ್ಮ ತೆನಿ ಬಂದ್ರ ನಿಮ್ಮ ಮನಿಗೆ ಮೊದಲ ಬರತಾವ" ಎಂದರು. ವೈನಿ ನಗು ನಿಲ್ಲಿಸಿ ಅವರ ಮುಖ ನೋಡಿದಳು. "ಬರೋಬರ್, ಆಜಿ. ಈ ವರ್ಷ ಮಕ್ಕಾ ಬಂದ್" ಎಂದಳು. ಆಕೆಯ ಆ ಒಂದು ಮಾತನ್ನು ನಾನು ಮರುದಿನ ಪೂಜೆಯಲ್ಲಿ ನೆನೆದೆ.

ಈ ಸಿಹಿ ಬೀಜ ಮೈಯಲ್ಲಿ ಶಕ್ತಿಯಿಲ್ಲದ್ದು. ಬಿತ್ತಿದ ಮೂರನೆಯ ದಿನವೇ ಮಳೆ ಹಿಡಿಯಿತು, ಅರ್ಧಕ್ಕರ್ಧ ಮಣ್ಣಿನಲ್ಲೇ ಕೊಳೆತವು. ಅತ್ತಿ ತಲೆಗೆ ಗೋಣಿಚೀಲ ಹಾಕಿಕೊಂಡು ಹೋಗಿ, ಸಾಲಿನ ಬದಿಗೆ ಬೆರಳಿನಿಂದ ನೀರಿಗೆ ದಾರಿ ಮಾಡಿ ಬರುತ್ತಿದ್ದರು. ಬೇಡವೆಂದರೆ ಕೇಳುತ್ತಿರಲಿಲ್ಲ. ಕೊನೆಗೆ ಎದ್ದು ನಿಂತದ್ದು ಹತ್ತೊಂಬತ್ತು ಗಿಡ. ಅದೂ ನನ್ನ ಎದೆಮಟ್ಟ, ಸಣ್ಣ ಸಣ್ಣ ತೆನೆ, ನೋಡುವ ಹಾಗೇನೂ ಇರಲಿಲ್ಲ. ಹೇಳಿಕೊಂಡು ತಿರುಗುವುದಕ್ಕೆ ಏನೂ ಇಲ್ಲವೆಂದು ಅತ್ತಿ ಯಾರಿಗೂ ಏನೂ ಹೇಳಲಿಲ್ಲ. ತಾಟು ತೆಗೆದುಕೊಂಡು ಡಬ್ಬದ ಹಿಂದೆ ಉಣ್ಣುವುದು ನಡೆದೇ ಇತ್ತು.

ಶ್ರಾವಣದ ಕೊನೆಯ ಸೋಮವಾರ ಮುಂಜಾನೆ ಒಂದು ತೆನೆ ಮುರಿದು, ಸುಲಿದು, ಲಿಂಗಪೂಜೆಯಲ್ಲಿ ಅರ್ಪಿಸಿದೆ. ವೈನಿಯ ಮನೆಗೆ ಎರಡು ಕೊಟ್ಟು ಬಂದೆ. ಸಂಜೆ ಮಳೆಯಲ್ಲೇ ನಮ್ಮ ಮನೆಯವರು ಬಂದರು. ಪಡಸಾಲೆಯಲ್ಲಿ ಶೇಗಡಿ ಹೊತ್ತಿಸಿದೆ. ಅತ್ತಿ ಬಂದು ಕುಳಿತು ಒಂದು ತೆನೆಯ ಕಾಳಿಗೆ ಉಗುರು ಒತ್ತಿದರು. ಹಾಲು ಬಂತು. ಅದನ್ನು ನಾಲಗೆಗೆ ಹಚ್ಚಿಕೊಂಡರು. ತೆನೆಗಳನ್ನು ಬೆಂಕಿಯ ಮೇಲಿಟ್ಟು ಹೊರಳಿಸತೊಡಗಿದರು. ನಾನು ಉಪ್ಪು-ಖಾರದ ಬಟ್ಟಲು ಹಿಡಿದು ನಿಂತಿದ್ದೆ.

ಎಲ್ಲರಿಗೂ ಕೊಟ್ಟ ಮೇಲೆ ತಮ್ಮದನ್ನು ತೆಗೆದುಕೊಂಡರು. ವಸಡಿನಿಂದ ಒತ್ತಿದರು. ಒಂದು ಸಾಲು, ಎರಡು ಸಾಲು, ತೆನೆ ತಿರುಗಿಸಿ ಮೂರನೆಯದು. ಒಂದು ಗಟ್ಟಿ ಕಾಳೂ ಹೊರಗೆ ಬರಲಿಲ್ಲ. ಆಗ ಮಗಳಿಗೆ ಏಳೆಂಟು ವರ್ಷ. ಅವಳು ನೋಡುತ್ತಿದ್ದಳು. ನಾನು ಅವಳಿಗೆ ಕಣ್ಣು ಬಿಟ್ಟೆ, ಏನಾದರೂ ಅಂದಾಳೆಂದು. ಅವಳು, "ಆಯಿ, ನಿಂದು ನನಗಿಂತ ಲಗೂನ ಮುಗೀತು" ಎಂದಳಷ್ಟೇ.

"ನೀ ಹಲ್ಲಿನಾಗ ಸಿಕ್ಕದ್ದನ್ನ ತಗೀತ ಕುಂದರತಿ. ನನಗ ಅದರ ತ್ರಾಸಿಲ್ಲ" ಎಂದರು ಅತ್ತಿ. ಗದ್ದದ ಮೇಲೆ ಇಳಿದ ಹಾಲನ್ನು ಒರೆಸಿಕೊಳ್ಳಲಿಲ್ಲ. ಸೆರಗನ್ನೂ ಅಡ್ಡ ತರಲಿಲ್ಲ.

ಮರುದಿನ ಮಧ್ಯಾಹ್ನ ನಾನು ಪಡಸಾಲೆಯಲ್ಲಿ ಮೂರು ತಾಟು ಹಾಕಿದೆ. ಅತ್ತಿ ಬರುತ್ತಾರೋ ಒಳಗೆ ಹೋಗುತ್ತಾರೋ ಎಂದು ನೋಡುತ್ತ ನಿಂತೆ. ಅವರು ಅಡುಗೆಮನೆಗೆ ಹೋದರು. ಹೊರಗೆ ಬಂದಾಗ ಅವರ ಕೈಯಲ್ಲಿ ನನ್ನ ತಾಟಿತ್ತು. ಅದನ್ನು ತಮ್ಮ ತಾಟಿನ ಬಾಜು ಇಟ್ಟು, ರೊಟ್ಟಿಯ ಬುಟ್ಟಿ, ಪಲ್ಯ, ಸಾರು, ಅನ್ನ ಎಲ್ಲವನ್ನೂ ಒಂದೊಂದಾಗಿ ತಂದು ಸಾಲಿನ ನಡುವೆ ಇಟ್ಟರು.

"ಕುಂದರು" ಎಂದರು ನನಗೆ.

"ನಾ ಬಡಸ್ತೇನಿ ಅತ್ತಿ, ನೀವು ಉಣ್ರಿ."

"ಬೇಕಾದವರು ಕೈ ಚಾಚಿ ತಗೋತಾರ. ಆ ಮೂಲ್ಯಾಗ ನಾ ಎರಡು ವರ್ಷ ಕುಂತು ನೋಡೇನಿ. ಗ್ವಾಡಿ ಏನೂ ಮಾತಾಡೂದಿಲ್ಲ. ನೀ ಹತ್ತು ವರ್ಷದಿಂದ ಅದನ್ನ ನೋಡಕೋತ ಉಣ್ಣಾಕತ್ತಿ, ನಾ ಅಲ್ಲಿ ಕುಂದರೂತನಕ ನನಗ ಹೊಳೀಲಿಲ್ಲ."

ನಮ್ಮ ಮನೆಯವರು ಸ್ವಲ್ಪ ಆಚೆ ಸರಿದರು. ನಾನು ಸೀರೆಯ ನಿರಿಗೆ ಒತ್ತಿಕೊಂಡು ಅತ್ತಿಯ ಬಾಜು ಕುಳಿತೆ. ಅವರು ಒಂದು ರೊಟ್ಟಿ ಮುರಿದು, ಮೆತ್ತಗಿದ್ದ ಅರ್ಧವನ್ನು ತಾವಿಟ್ಟುಕೊಂಡು, ಗಟ್ಟಿ ಅಂಚಿನ ಅರ್ಧವನ್ನು ನನ್ನ ತಾಟಿಗೆ ಹಾಕಿದರು.